ಮನೆ ಚರಾಸ್ತಿಯೋ ಸ್ಥಿರಾಸ್ತಿಯೋ: ಕಡಿಮೆ ಕ್ರೆಡಿಟ್ ಸ್ಕೋರಿನಲ್ಲಿ ಮೊದಲ ಮ್ಯಾನುಫ್ಯಾಕ್ಚರ್ಡ್ ಮನೆಗೆ ಸಾಲ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಹತ್ತಿರ ಒಂಬತ್ತು ವರ್ಷಗಳಿಂದ ಬಾಡಿಗೆಗೆ ಇದ್ದೇವೆ. ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ನಾನು ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ, ನಮ್ಮ ಯಜಮಾನರು ಗೋದಾಮೊಂದರಲ್ಲಿ ಕೆಲಸ ಮಾಡುತ್ತೇವೆ. ತೆರಿಗೆ ಕಳೆಯುವ ಮೊದಲು ಇಬ್ಬರದೂ ಸೇರಿ ತಿಂಗಳಿಗೆ 5,400 ಡಾಲರ್ ಬರುತ್ತದೆ. ನನ್ನ ಕ್ರೆಡಿಟ್ ಸ್ಕೋರ್ 641, ಅವರದು 592. ಅವರ ಕೆಲಸ ಹೋಗಿದ್ದಾಗ ಕಾರಿನ ಎರಡು ಕಂತು ತಡವಾದವು, ಆಸ್ಪತ್ರೆಯ 340 ಮತ್ತು 1,150 ಡಾಲರ್‌ಗಳ ಎರಡು ಬಿಲ್ಲುಗಳು ವಸೂಲಿ ಕಂಪನಿಗೆ ಹೋಗಿವೆ, 4,000 ಡಾಲರ್ ಮಿತಿಯ ಅವರ ಕಾರ್ಡಿನಲ್ಲಿ 3,300 ಬಾಕಿ ಇದೆ. ಕೈಯಲ್ಲಿ 14,000 ಡಾಲರ್ ಉಳಿತಾಯವಿದೆ. ಮ್ಯಾನುಫ್ಯಾಕ್ಚರ್ಡ್ ಮನೆ ಮಾರುವ ಕಚೇರಿಯೊಂದು 1,18,000 ಡಾಲರ್‌ನ ಡಬಲ್ ವೈಡ್, ಅಂದರೆ ಎರಡು ಭಾಗ ಜೋಡಿಸಿದ, ಮನೆ ತೋರಿಸಿ, ಶೇ 10 ಮುಂಗಡ, 11.5ರ ಬಡ್ಡಿ, 20 ವರ್ಷದ ಸಾಲ ಕೊಡಿಸುತ್ತೇವೆ ಎನ್ನುತ್ತಿದೆ. ಮನೆಯನ್ನು ಇಂಥ ಮನೆಗಳಿಗೆ ಜಾಗ ಬಾಡಿಗೆಗೆ ಕೊಡುವ ಪಾರ್ಕಿನಲ್ಲಿ ನಿಲ್ಲಿಸಬೇಕು, ಜಾಗದ ಬಾಡಿಗೆ ತಿಂಗಳಿಗೆ 550. ಈಗಲೇ ತೆಗೆದುಕೊಳ್ಳುವುದೋ, ಸ್ಕೋರ್ ಏರುವವರೆಗೆ ಕಾಯುವುದೋ?

ಉತ್ತರ: ದಯವಿಟ್ಟು ಆ ಕಾಗದಕ್ಕೆ ಇನ್ನೂ ಸಹಿ ಹಾಕಬೇಡಿ. ನಿಮ್ಮ ಸ್ಕೋರ್ ತೀರಾ ಕೆಟ್ಟದ್ದೆಂದು ನಾನು ಹಾಗೆ ಹೇಳುತ್ತಿಲ್ಲ. ನಿಮ್ಮ ಪತ್ರ ಪೂರ್ತಿ ಸ್ಕೋರಿನ ಸುತ್ತಲೇ ಇದೆ, ಆದರೆ ನಿಮ್ಮ ಬಡ್ಡಿಯನ್ನೂ, ಕಷ್ಟಕಾಲದಲ್ಲಿ ನಿಮಗೆ ಸಿಗುವ ರಕ್ಷಣೆಯನ್ನೂ ಅದಕ್ಕಿಂತ ಹೆಚ್ಚಾಗಿ ನಿರ್ಧರಿಸುವ ಸಂಗತಿ ಬೇರೊಂದಿದೆ: ಆ ಮನೆ ಕಾನೂನಿನ ಕಣ್ಣಿನಲ್ಲಿ ಚರಾಸ್ತಿಯೋ, ಸ್ಥಿರಾಸ್ತಿಯೋ ಎಂಬುದು. ಮನೆ ಕೊಳ್ಳಲು ಸಲಹೆ ಕೇಳಿ ಬರುವ ಕುಟುಂಬಗಳಿಗೆ ನಾನು ಮೊದಲು ಕೇಳುವ ಪ್ರಶ್ನೆ ‘ನೆಲ ಯಾರದು’ ಎಂದೇ.

ಮ್ಯಾನುಫ್ಯಾಕ್ಚರ್ಡ್ ಮನೆ ಎಂದರೆ ಉಕ್ಕಿನ ಚೌಕಟ್ಟಿನ ಮೇಲೆ ಕಾರ್ಖಾನೆಯಲ್ಲೇ ಕಟ್ಟಿ, ಚಕ್ರದ ಮೇಲೆ ರಸ್ತೆಯಲ್ಲಿ ಸಾಗಿಸಿ ತಂದು ನಿಲ್ಲಿಸುವ ಮನೆ. ಇದನ್ನು ಕಟ್ಟುವ ನಿಯಮಗಳನ್ನು ಅಮೆರಿಕದ ವಸತಿ ಇಲಾಖೆ, ಅಂದರೆ ಹಡ್, 1976ರ ಜೂನ್ 15ರಿಂದ ಜಾರಿಗೆ ತಂದಿತು. ಅದಕ್ಕೂ ಹಿಂದಿನವು ಹಳೆಯ ಮೊಬೈಲ್ ಹೋಮ್‌ಗಳು, ಅವುಗಳಿಗೆ ಸರ್ಕಾರಿ ಖಾತರಿಯ ಗೃಹಸಾಲ ಸಿಗುವುದಿಲ್ಲ. ಇಂಥ ಮನೆಯನ್ನು ಬಾಡಿಗೆ ಜಾಗದಲ್ಲಿ ನಿಲ್ಲಿಸಿ ಮನೆಯೊಂದನ್ನೇ ಅಡವಿಟ್ಟರೆ ಅದು ಕಾರಿನ ಹಾಗೆ ಚರಾಸ್ತಿ, ಅದರ ಮೇಲಿನ ಸಾಲಕ್ಕೆ ಚಾಟೆಲ್ ಸಾಲ ಎಂದು ಹೆಸರು. ಅದೇ ಮನೆಯನ್ನು ಸ್ವಂತ ನೆಲದಲ್ಲಿ ಶಾಶ್ವತ ಅಡಿಪಾಯದ ಮೇಲೆ ಕೂರಿಸಿ, ದಾಖಲೆಯಲ್ಲಿ ನೆಲದ ಜೊತೆ ಸೇರಿಸಿದರೆ ಅದು ಸ್ಥಿರಾಸ್ತಿಯಾಗುತ್ತದೆ, ಮತ್ತು ಇಟ್ಟಿಗೆ ಮನೆಗೆ ಸಿಗುವ ಅದೇ ಮಾರ್ಟ್‌ಗೇಜ್ ಸಾಲದ ಬಾಗಿಲು ತೆರೆಯುತ್ತದೆ.

ನಿಮಗೆ ತೋರಿಸಿರುವುದು ಚಾಟೆಲ್ ಸಾಲ. ಅದು ಮೋಸದ ಸಾಲವೇನಲ್ಲ. ಗ್ರಾಹಕರ ಹಣಕಾಸು ರಕ್ಷಣೆಯ ಕೇಂದ್ರ ಸಂಸ್ಥೆಯಾದ ಸಿಎಫ್‌ಪಿಬಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮ್ಯಾನುಫ್ಯಾಕ್ಚರ್ಡ್ ಮನೆ ಕೊಳ್ಳಲು ತೆಗೆದ ಸಾಲಗಳಲ್ಲಿ ಸುಮಾರು ಶೇ 42 ಇಂಥವೇ. ಆದರೆ ಅದರ ಬಡ್ಡಿ ಹೆಚ್ಚು, ಅವಧಿ ಕಡಿಮೆ, ರಕ್ಷಣೆಯೂ ಕಡಿಮೆ. ಮಾರ್ಟ್‌ಗೇಜ್ ಸಾಲದಲ್ಲಿ ಅರ್ಜಿ ಕೊಟ್ಟ ಮೂರು ಕೆಲಸದ ದಿನಗಳೊಳಗೆ ಸಾಲದ ಅಂದಾಜು ಪತ್ರ ನಿಮ್ಮ ಕೈಸೇರಬೇಕು, ಮತ್ತು ಕಂತು ತಪ್ಪಿದರೂ ಸಾಮಾನ್ಯವಾಗಿ 120 ದಿನ ಕಳೆಯುವವರೆಗೆ ಮನೆ ಜಪ್ತಿಯ ಪ್ರಕ್ರಿಯೆ ಆರಂಭಿಸುವಂತಿಲ್ಲ. ನೆಲ ಸೇರದ ಚಾಟೆಲ್ ಸಾಲಕ್ಕೆ ಈ ಎರಡು ಕೇಂದ್ರ ನಿಯಮಗಳೂ ಅನ್ವಯಿಸುವುದಿಲ್ಲ. ಒಮ್ಮೆ ಕೆಲಸ ಕಳೆದುಕೊಂಡ ಅನುಭವವಿರುವ ಮನೆಯವರಿಗೆ ಆ 120 ದಿನಗಳ ಬೆಲೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕೋಣ. 1,18,000ದಲ್ಲಿ ಶೇ 10 ಮುಂಗಡ ಕಳೆದರೆ ಸಾಲ 1,06,200 ಡಾಲರ್. 11.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 1,133. ಜಾಗದ ಬಾಡಿಗೆ 550 ಸೇರಿದರೆ 1,683, ವಿಮೆ ಮತ್ತು ತೆರಿಗೆ ಬೇರೆ. ಐದು ವರ್ಷ ಒಂದೂ ಕಂತು ತಪ್ಪದೆ ಕಟ್ಟಿದರೆ ನೀವು ಕಟ್ಟಿದ ಮೊತ್ತ ಸುಮಾರು 68,000 ಡಾಲರ್, ಅದರಲ್ಲಿ ಅಸಲಿಗೆ ಹೋಗಿರುವುದು ಸುಮಾರು 9,250 ಮಾತ್ರ. ಅಷ್ಟರಲ್ಲಿ ಪಾರ್ಕಿನವರು ಬಾಡಿಗೆ ಏರಿಸಿದ್ದರೆ ಮನೆಯನ್ನು ಹೊತ್ತು ಬೇರೆಡೆಗೆ ಹೋಗುವುದು ಹೇಳಿದಷ್ಟು ಸುಲಭವಲ್ಲ. ಡಬಲ್ ವೈಡ್ ಮನೆಯನ್ನು ಬಿಡಿಸಿ, ಸಾಗಿಸಿ, ಮತ್ತೆ ಜೋಡಿಸುವ ಖರ್ಚು ಸಾವಿರಗಟ್ಟಲೆ ಡಾಲರ್ ಆಗುತ್ತದೆ.

ಇನ್ನೊಂದು ದಾರಿಯ ಲೆಕ್ಕ ಹೀಗಿದೆ. ಸ್ಯಾನ್ ಆಂಟೋನಿಯೋದ ಹೊರಗೆ, ಉದಾಹರಣೆಗೆ ಮೆಡಿನಾ ಅಥವಾ ಅಟಸ್ಕೋಸಾ ಕೌಂಟಿಯ ಕಡೆ, ನಿಮಗೆ 45,000 ಡಾಲರ್‌ಗೆ ಒಂದು ತುಂಡು ನೆಲ ಸಿಕ್ಕಿತು ಎಂದುಕೊಳ್ಳಿ. ಅಡಿಪಾಯ, ಸೆಪ್ಟಿಕ್ ಟ್ಯಾಂಕ್, ನೀರು, ವಿದ್ಯುತ್ ಸಂಪರ್ಕಕ್ಕೆ 27,000 ಇಡೋಣ. ಮನೆಯೂ ಸೇರಿ ಒಟ್ಟು 1,90,000. ಎಫ್‌ಎಚ್‌ಎ, ಅಂದರೆ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಖಾತರಿ ಕೊಡುವ ಟೈಟಲ್ 2 ಎಂಬ ಮಾರ್ಟ್‌ಗೇಜ್ ಸಾಲದಲ್ಲಿ ಮುಂಗಡ ಶೇ 3.5, ಅಂದರೆ 6,650 ಡಾಲರ್. ಉಳಿದ 1,83,350ಕ್ಕೆ ಶೇ 1.75ರ ಆರಂಭಿಕ ಖಾತರಿ ವಿಮೆಯನ್ನು ಸಾಲಕ್ಕೇ ಸೇರಿಸಬಹುದು. ಲೆಕ್ಕಕ್ಕಾಗಿ 7ರ ಬಡ್ಡಿ, 30 ವರ್ಷ ಎಂದಿಟ್ಟರೆ ಕಂತು ಸುಮಾರು 1,241. ವರ್ಷಕ್ಕೆ ಶೇ 0.55ರ ಖಾತರಿ ವಿಮೆಗೆ ತಿಂಗಳಿಗೆ ಸುಮಾರು 84. ಆಸ್ತಿ ತೆರಿಗೆ ಮತ್ತು ಮನೆ ವಿಮೆಗೆ 400 ಇಟ್ಟರೂ ಒಟ್ಟು 1,725. ಪಾರ್ಕಿನ ಮನೆಗೆ ನೀವು ಕೊಡಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ, ಆದರೆ ಇಲ್ಲಿ ನೆಲ ನಿಮ್ಮದು. 30 ವರ್ಷದ ಸಾಲದಲ್ಲೂ ಮೊದಲ ವರ್ಷಗಳಲ್ಲಿ ಅಸಲು ನಿಧಾನವಾಗಿಯೇ ಕರಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ, ಮತ್ತು ಮುಂಗಡ ಶೇ 10ಕ್ಕಿಂತ ಕಡಿಮೆಯಿದ್ದರೆ ಆ ವಾರ್ಷಿಕ ವಿಮೆ ಸಾಲ ಇರುವವರೆಗೂ ಇರುತ್ತದೆ. ಆದರೂ ಬಾಡಿಗೆ ಏರಿಸುವ ಮಾಲೀಕ ಅಲ್ಲಿ ಇರುವುದಿಲ್ಲ.

‘592 ಇರುವವರಿಗೆ ಮಾರ್ಟ್‌ಗೇಜ್ ಕೊಡುತ್ತಾರೆಯೇ’ ಎಂದು ನೀವು ಕೇಳಬಹುದು. ಎಫ್‌ಎಚ್‌ಎ ನಿಯಮದಲ್ಲಿ ಸ್ಕೋರ್ 580 ಅಥವಾ ಹೆಚ್ಚಿದ್ದರೆ ಮುಂಗಡ ಶೇ 3.5, 500ರಿಂದ 579ರವರೆಗೆ ಶೇ 10. ಇಬ್ಬರೂ ಸೇರಿ ಅರ್ಜಿ ಹಾಕಿದಾಗ ಮೂರು ಕ್ರೆಡಿಟ್ ವರದಿ ಸಂಸ್ಥೆಗಳಿಂದ ಬರುವ ಪ್ರತಿಯೊಬ್ಬರ ಮೂರು ಸ್ಕೋರುಗಳಲ್ಲಿ ನಡುವಿನದನ್ನು ತೆಗೆದುಕೊಂಡು, ಇಬ್ಬರಲ್ಲಿ ಕಡಿಮೆಯಿರುವುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ ನಿಮ್ಮ 641 ಇಲ್ಲಿ ನೆರವಿಗೆ ಬರುವುದಿಲ್ಲ. ಯಜಮಾನರ 592 ನಿರ್ಣಾಯಕ, ಮತ್ತು ಅದು ಕೂಡ ಗಡಿಯೊಳಗೇ ಇದೆ. ಆದರೆ ಸರ್ಕಾರದ ಕನಿಷ್ಠ ಮಿತಿಯ ಮೇಲೆ ಸಾಲದಾತರು ತಮ್ಮದೇ ಮಿತಿಯನ್ನು ಹೇರಬಹುದು, ಮ್ಯಾನುಫ್ಯಾಕ್ಚರ್ಡ್ ಮನೆಗೆ 620 ಕೇಳುವವರು ಬಹಳ ಮಂದಿ. ಮೊದಲ ಸಾಲದಾತರು ಇಲ್ಲವೆಂದರೆ ನಿಯಮವೇ ಇಲ್ಲವೆಂದಿತು ಎಂದು ತಿಳಿಯಬೇಡಿ, ಮುಂದಿನವರನ್ನು ಕೇಳಿ. ಹಾಗೆಯೇ, ಫೋನಿನ ಆ್ಯಪ್ ಉಚಿತವಾಗಿ ತೋರಿಸುವ ಸ್ಕೋರ್ ಅನೇಕ ಸಲ ವಾಂಟೇಜ್ ಸ್ಕೋರ್ ಆಗಿರುತ್ತದೆ, ಗೃಹಸಾಲದವರು ನೋಡುವ ಫೈಕೋ ಸ್ಕೋರ್ ಅದಕ್ಕಿಂತ ಬೇರೆ ಇರಬಹುದು. ನಿಮ್ಮ 592 ಎಲ್ಲಿಂದ ಬಂದದ್ದು ಎಂಬುದನ್ನು ಮೊದಲು ನೋಡಿಕೊಳ್ಳಿ.

ನಿಮ್ಮ ಹೆಸರಿನಲ್ಲಿ ಮಾತ್ರ ಅರ್ಜಿ ಹಾಕುವ ಯೋಚನೆಯೂ ಬಂದಿರಬಹುದು. ಟೆಕ್ಸಸ್‌ನಲ್ಲಿ ಗಂಡ ಹೆಂಡತಿಯ ಆಸ್ತಿ ಇಬ್ಬರದೂ ಎಂಬ ಕಾನೂನಿದೆ. ಅಂಥ ರಾಜ್ಯಗಳಲ್ಲಿ ಎಫ್‌ಎಚ್‌ಎ ಸಾಲಕ್ಕೆ ನೀವೊಬ್ಬರೇ ಅರ್ಜಿ ಹಾಕಿದರೂ ಗಂಡನ ಸಾಲಗಳನ್ನು ನಿಮ್ಮ ಲೆಕ್ಕಕ್ಕೆ ಸೇರಿಸುತ್ತಾರೆ, ಅವರ ಆದಾಯವನ್ನು ಸೇರಿಸುವುದಿಲ್ಲ. ಅವರ ಸ್ಕೋರ್ ಮಾತ್ರ ಅಡ್ಡಬರುವುದಿಲ್ಲ. ಒಬ್ಬರ ಸಂಬಳದಲ್ಲಿ ಇಷ್ಟು ಕಂತು ನಿಲ್ಲದು, ಹಾಗಾಗಿ ನಿಮಗೆ ಜಂಟಿ ಅರ್ಜಿಯೇ ಸರಿ.

ಇನ್ನು ಸ್ಕೋರಿನ ಮಾತು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟ ಸಾಲು, ನೀವು ಬೇಸರದಿಂದ ಬರೆದ ಕಾರ್ಡಿನ ಬಾಕಿಯ ಸಾಲು. ಫೈಕೋ ಸ್ಕೋರಿನಲ್ಲಿ ಕಂತು ಕಟ್ಟಿದ ಇತಿಹಾಸಕ್ಕೆ ಶೇ 35, ಬಾಕಿಯ ಪ್ರಮಾಣಕ್ಕೆ ಶೇ 30 ತೂಕವಿದೆ. ತಡವಾದ ಕಂತು ಏಳು ವರ್ಷ ವರದಿಯಲ್ಲಿ ಉಳಿಯುತ್ತದೆ, ಅದನ್ನು ಅಳಿಸಲು ಆಗದು. ದಿನ ಕಳೆದಂತೆ ಅದರ ಪೆಟ್ಟು ಕಡಿಮೆಯಾಗುತ್ತದೆ ಅಷ್ಟೆ. ಆದರೆ ಮಿತಿಯ ಶೇ 80ಕ್ಕಿಂತ ಹೆಚ್ಚು ಬಳಸಿರುವ ಕಾರ್ಡಿನ ಬಾಕಿ ಇಳಿಸಿದರೆ, ಕಾರ್ಡಿನವರು ಹೊಸ ಬಾಕಿಯನ್ನು ವರದಿ ಮಾಡಿದ ತಿಂಗಳೇ ಅದರ ಗುಣ ಕಾಣುತ್ತದೆ. 14,000ದಲ್ಲಿ 2,900 ತೆಗೆದು ಆ ಕಾರ್ಡಿಗೆ ಕಟ್ಟಿ, ಬಾಕಿಯನ್ನು 400ಕ್ಕೆ ತನ್ನಿ. ಮುಂಗಡಕ್ಕೆಂದು ಕೂಡಿಟ್ಟ ಹಣ ಮುಟ್ಟಲು ಕೈ ಬಾರದು ಎಂಬುದು ನನಗೆ ಗೊತ್ತು, ಆದರೆ ಇದಕ್ಕಿಂತ ಬೇಗ ಫಲ ಕೊಡುವ ಖರ್ಚು ನಿಮ್ಮ ಮುಂದೆ ಇನ್ನೊಂದಿಲ್ಲ. ಆಮೇಲೆ ಆ ಕಾರ್ಡನ್ನು ಮುಚ್ಚಬೇಡಿ. ಮುಚ್ಚಿದರೆ ಮಿತಿಯೂ ಹೋಗಿ ಅನುಪಾತ ಮತ್ತೆ ಕೆಡುತ್ತದೆ.

ಆಸ್ಪತ್ರೆಯ ಬಿಲ್ಲುಗಳ ವಿಷಯದಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿ ಇದೆ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕ್ರೆಡಿಟ್ ವರದಿ ಸಂಸ್ಥೆಗಳೂ 2022ರ ಜುಲೈಯಿಂದ ತೀರಿಸಿದ ವೈದ್ಯಕೀಯ ವಸೂಲಿ ಬಾಕಿಗಳನ್ನು ವರದಿಯಿಂದ ತೆಗೆಯುತ್ತಿವೆ. 2023ರ ಏಪ್ರಿಲ್‌ನಿಂದ 500 ಡಾಲರ್‌ಗಿಂತ ಕಡಿಮೆಯವನ್ನೂ ತೋರಿಸುವುದಿಲ್ಲ. ಹಾಗಿದ್ದ ಮೇಲೆ ನಿಮ್ಮ 340 ಡಾಲರ್‌ನ ಬಾಕಿ ವರದಿಯಲ್ಲಿ ಇರಲೇಬಾರದು. ಇದ್ದರೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ. ಸಾಮಾನ್ಯವಾಗಿ 30 ದಿನಗಳೊಳಗೆ ಅವರು ಪರಿಶೀಲಿಸಬೇಕು. 1,150ರ ಬಿಲ್ಲನ್ನು ವಿಮೆಯವರು ಕೊಡಬೇಕಿತ್ತೇ ಎಂದು ಮೊದಲು ವಿಚಾರಿಸಿ, ಇಲ್ಲವಾದರೆ ವಸೂಲಿ ಕಂಪನಿಯೊಂದಿಗೆ ಮಾತಾಡಿ ಮೊತ್ತ ಇಳಿಸಿಕೊಂಡು ತೀರಿಸಿ, ಬಾಕಿ ಸೊನ್ನೆ ಎಂಬ ಪತ್ರ ಪಡೆಯಿರಿ. ಮೂರೂ ಸಂಸ್ಥೆಗಳ ವರದಿಗಳು ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಎಂಬ ಅಧಿಕೃತ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸ್ಕೋರ್ ಸರಿಪಡಿಸಿಕೊಡುತ್ತೇವೆ ಎಂದು ಮೊದಲೇ ಹಣ ಕೇಳುವವರಿಗೆ ಒಂದು ಡಾಲರೂ ಕೊಡಬೇಡಿ. ಕೆಲಸ ಮುಗಿಯುವ ಮೊದಲು ಶುಲ್ಕ ಪಡೆಯುವುದನ್ನು ಕೇಂದ್ರ ಕಾನೂನೇ ನಿಷೇಧಿಸಿದೆ.

ಸಾಲದಾತರು ಸ್ಕೋರಿನಷ್ಟೇ ಗಮನವಿಟ್ಟು ನೋಡುವ ಇನ್ನೊಂದು ಅಂಕಿ, ಆದಾಯದಲ್ಲಿ ಎಷ್ಟು ಪಾಲು ಸಾಲಗಳಿಗೆ ಹೋಗುತ್ತದೆ ಎಂಬುದು. ನಿಮ್ಮ ಕಾರಿನ ಕಂತನ್ನು 380 ಎಂದು ಇಟ್ಟುಕೊಂಡು, ಕಾರ್ಡಿನ ಕನಿಷ್ಠ ಪಾವತಿ 40ಕ್ಕೆ ಇಳಿದರೆ, 1,725ರ ಜೊತೆ ಒಟ್ಟು 2,145 ಆಗುತ್ತದೆ. 5,400ರಲ್ಲಿ ಅದು ಸುಮಾರು ಶೇ 40. ಎಫ್‌ಎಚ್‌ಎಯ ಸಾಮಾನ್ಯ ಗಡಿ ಶೇ 43. ಅಂದರೆ ಜಾಗ ಇದೆ, ಆದರೆ ಧಾರಾಳವಾಗಿಲ್ಲ. ಹೊಸ ಮನೆಗೆಂದು ಸೋಫಾ, ಫ್ರಿಜ್‌ಗಳನ್ನು ಕಂತಿನಲ್ಲಿ ತರುವುದನ್ನು ಸಾಲ ಕೈಸೇರುವವರೆಗೆ ಮನಸ್ಸಿನಿಂದಲೇ ತೆಗೆದುಹಾಕಿ.

ಮುಂಗಡಕ್ಕೆ ಊರಿನಿಂದ ಅಣ್ಣತಮ್ಮಂದಿರು ಹಣ ಕಳಿಸಿದರೆ ಆಗುತ್ತದೆಯೇ ಎಂದು ಕನ್ನಡಿಗ ಕುಟುಂಬಗಳು ನನ್ನನ್ನು ಕೇಳುತ್ತಲೇ ಇರುತ್ತವೆ. ಎಫ್‌ಎಚ್‌ಎ ಸಾಲದಲ್ಲಿ ಹತ್ತಿರದ ಬಂಧುಗಳ ಉಡುಗೊರೆಯನ್ನು ಮುಂಗಡವಾಗಿ ಒಪ್ಪುತ್ತಾರೆ, ಆದರೆ ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬಂದಿರಬೇಕು, ಜೊತೆಗೆ ಈ ಹಣವನ್ನು ಹಿಂದಿರುಗಿಸಬೇಕಿಲ್ಲ ಎಂದು ಕೊಟ್ಟವರು ಸಹಿ ಹಾಕಿದ ಪತ್ರ ಬೇಕು. ನಿಜದಲ್ಲಿ ಕೈಸಾಲವಾಗಿದ್ದು ಪತ್ರದಲ್ಲಿ ಉಡುಗೊರೆ ಎಂದು ಬರೆದರೆ ಅದು ಸುಳ್ಳು ಹೇಳಿಕೆ, ಕೇಂದ್ರ ಕಾನೂನಿನಲ್ಲಿ ಅಪರಾಧ. ಸ್ನೇಹಿತರ ನಡುವಿನ ಚೀಟಿ ಎತ್ತಿ ಬಂದ ನಗದನ್ನು ಒಮ್ಮೆಲೇ ಖಾತೆಗೆ ಹಾಕಿದರೂ ಅದರ ಮೂಲ ಕೇಳುತ್ತಾರೆ, ತೋರಿಸಲು ಕಾಗದ ಇರುವುದಿಲ್ಲ. ಇಲ್ಲಿನ ಸಾಲದಾತರ ವರದಿಯಲ್ಲಿ ಭಾರತದ ಸಿಬಿಲ್ ಇತಿಹಾಸ ಕಾಣುವುದಿಲ್ಲ ಎಂಬುದೂ ನೆನಪಿರಲಿ. ನಿಮಗಿರುವ ಗ್ರೀನ್ ಕಾರ್ಡ್ ಇಲ್ಲದೆ ಎಚ್-1ಬಿ ವೀಸಾದಲ್ಲಿರುವ ಓದುಗರಿಗೂ ಒಂದು ಮಾತು: 2025ರ ಮೇ 25ರಿಂದ ಶಾಶ್ವತ ನಿವಾಸಿಗಳಲ್ಲದವರ ಹೊಸ ಅರ್ಜಿಗಳಿಗೆ ಎಫ್‌ಎಚ್‌ಎ ಖಾತರಿ ನಿಂತಿದೆ, ಅವರು ಬೇರೆ ಬಗೆಯ ಮಾರ್ಟ್‌ಗೇಜ್‌ಗಳನ್ನೇ ನೋಡಬೇಕು.

ನೆಲ ಹುಡುಕುವಾಗ ಬೆಲೆಗಿಂತ ಮೊದಲು ಆಸ್ತಿ ದಾಖಲೆಗಳನ್ನು ಇಡುವ ಕೌಂಟಿ ಕ್ಲರ್ಕ್ ಕಚೇರಿಯ ದಾಖಲೆ ನೋಡಿ. ಟೆಕ್ಸಸ್‌ನಲ್ಲಿ ನಗರದ ಗಡಿಯಾಚೆಗೆ ಜಾಗದ ಬಳಕೆಯ ನಿಯಮಗಳು ಸಡಿಲ, ಆದರೆ ಹಿಂದಿನ ಮಾಲೀಕರು ಕ್ರಯಪತ್ರದಲ್ಲೇ ‘ಇಲ್ಲಿ ಮ್ಯಾನುಫ್ಯಾಕ್ಚರ್ಡ್ ಮನೆ ಕೂಡದು’ ಎಂದು ಬರೆಸಿಟ್ಟಿರಬಹುದು, ಅದು ಕೊಂಡವರನ್ನೂ ಕಟ್ಟಿಹಾಕುತ್ತದೆ. ಪ್ರವಾಹದ ನಕ್ಷೆ ನೋಡಿ. ಸೆಪ್ಟಿಕ್ ಟ್ಯಾಂಕಿಗೆ ಅನುಮತಿ ಸಿಗುವ ಮಣ್ಣೇ, ವಿದ್ಯುತ್ ಕಂಬ ಎಷ್ಟು ದೂರ, ಮನೆಯ ಅರ್ಧ ಭಾಗ ಹೊತ್ತ ಲಾರಿ ತಿರುಗುವಷ್ಟು ದಾರಿ ಇದೆಯೇ ಎಂದು ಹಗಲಿನಲ್ಲಿ ಹೋಗಿ ನೋಡಿ. ನಾನು ಲೆಕ್ಕಕ್ಕೆ ಹಿಡಿದ 27,000 ಇಲ್ಲಿ ಬೇಗನೆ ಹಿಗ್ಗಬಲ್ಲದು.

ಹೊಸದರ ಬದಲು, ನೆಲದ ಮೇಲೆ ಈಗಾಗಲೇ ನಿಂತಿರುವ ಹಳೆಯ ಮ್ಯಾನುಫ್ಯಾಕ್ಚರ್ಡ್ ಮನೆ ಸಿಕ್ಕರೆ ಈ ತಲೆನೋವು ಬಹುಪಾಲು ತಪ್ಪುತ್ತದೆ, ಮತ್ತು ನಿಮ್ಮ ಬಜೆಟ್ಟಿಗೆ ನಾನು ಅದನ್ನೇ ಮೊದಲು ಹುಡುಕಲು ಹೇಳುತ್ತೇನೆ. ಆಗ ಮನೆಯ ಹೊರಗೆ ಹಿಂಬದಿಗೆ ಹೋಗಿ, ಪ್ರತಿ ಭಾಗದ ಕೊನೆಯಲ್ಲಿ ಎರಡು ಇಂಚು ಎತ್ತರ, ನಾಲ್ಕು ಇಂಚು ಅಗಲದ ಕೆಂಪು ಲೋಹದ ಫಲಕ ಹುಡುಕಿ. ಅದು ಹಡ್ ಲೇಬಲ್. ಡಬಲ್ ವೈಡ್‌ಗೆ ಎರಡು ಇರಬೇಕು. ಒಳಗೆ ಅಡುಗೆಮನೆಯ ಕಪಾಟಿನ ಬಾಗಿಲು, ವಿದ್ಯುತ್ ಫಲಕ ಅಥವಾ ಮಲಗುವ ಕೋಣೆಯ ಬೀರುವಿನಲ್ಲಿ ತಯಾರಿಕೆಯ ದಿನಾಂಕವಿರುವ ಡೇಟಾ ಪ್ಲೇಟ್ ಎಂಬ ಕಾಗದ ಅಂಟಿಸಿರುತ್ತಾರೆ. ಎಷ್ಟೋ ಮನೆಗಳಲ್ಲಿ ಹೊಸ ಹೊದಿಕೆ ಹಾಕುವಾಗ ಫಲಕ, ಬಣ್ಣ ಬಳಿಯುವಾಗ ಕಾಗದ ಹೋಗಿರುತ್ತದೆ. ಹಡ್‌ನ ದಾಖಲೆ ಇಡುವ ಸಂಸ್ಥೆಯಿಂದ ದೃಢೀಕರಣ ಪತ್ರ ತರಿಸಬಹುದು, ಆದರೆ ಅದಕ್ಕೆ ದಿನಗಳು ಹಿಡಿಯುತ್ತವೆ. ಮನೆಯನ್ನು ಹಿಂದೆ ಬೇರೆ ಜಾಗದಲ್ಲಿ ನಿಲ್ಲಿಸಿ ಇಲ್ಲಿಗೆ ತಂದಿದ್ದರೆ ಎಫ್‌ಎಚ್‌ಎ ಟೈಟಲ್ 2 ಸಾಲ ಸಿಗುವುದಿಲ್ಲ. ಒಮ್ಮೆ ಒಂದು ಕುಟುಂಬದ ಜೊತೆ ನಾನು ನೋಡಲು ಹೋದ ಮನೆ ಒಳಗೆಲ್ಲ ಹೊಸದರ ಹಾಗೆ ಹೊಳೆಯುತ್ತಿತ್ತು. ಎಂಜಿನಿಯರ್ ಅಂಚಿನ ತಗಡು ಸರಿಸಿ ಟಾರ್ಚ್ ಹಿಡಿದು ನುಸುಳಿದರು. ಅಚ್ಚು ಚಕ್ರಗಳು ಹಾಗೆಯೇ ಇದ್ದವು, ಮನೆ ಗಾರೆಯಿಲ್ಲದೆ ಪೇರಿಸಿಟ್ಟ ಬ್ಲಾಕುಗಳ ಮೇಲೆ ಬರಿದೇ ಕುಳಿತಿತ್ತು. ಶಾಶ್ವತ ಅಡಿಪಾಯವೆಂದು ಅವರು ಸಹಿ ಹಾಕಲಿಲ್ಲ, ಮಾರ್ಟ್‌ಗೇಜ್ ಅಲ್ಲಿಗೇ ನಿಂತಿತು. ಆ ತಪಾಸಣೆಗೆ ಕೊಡುವ ಹಣವನ್ನು ಉಳಿಸಲು ಹೋಗಬೇಡಿ.

ಮಾರಾಟ ಕಚೇರಿಯವರು ತೋರಿಸಿದ ಸಾಲದಾತರನ್ನೇ ನೆಚ್ಚಿಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲೆ ಹೇಳಿದ ವರದಿಯಲ್ಲಿಯೇ, ಚಾಟೆಲ್ ಸಾಲಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಐದೇ ಸಂಸ್ಥೆಗಳು ಕೊಟ್ಟಿದ್ದವು ಎಂದಿದೆ, ಮತ್ತು ಮನೆ ತಯಾರಿಸುವ, ಮಾರುವ, ಸಾಲ ಕೊಡುವ ಕಂಪನಿಗಳು ಒಂದೇ ಒಡೆತನದಲ್ಲಿರುವುದೂ ಉಂಟು. ಸದಸ್ಯರೇ ಒಡೆಯರಾದ ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್ ಒಂದನ್ನೂ ಸೇರಿಸಿ ಕನಿಷ್ಠ ಮೂವರನ್ನು ಎರಡು ವಾರಗಳೊಳಗೆ ಕೇಳಿ. ಅಷ್ಟರೊಳಗೆ ಗೃಹಸಾಲಕ್ಕಾಗಿ ಎಷ್ಟು ಮಂದಿ ನಿಮ್ಮ ವರದಿ ನೋಡಿದರೂ ಫೈಕೋ ಅದನ್ನು ಒಂದೇ ವಿಚಾರಣೆ ಎಂದು ಎಣಿಸುತ್ತದೆ. ಹಡ್ ಮಾನ್ಯತೆ ಪಡೆದ ವಸತಿ ಸಲಹೆಗಾರರು ಸ್ಯಾನ್ ಆಂಟೋನಿಯೋದಲ್ಲೂ ಇದ್ದಾರೆ, ನಿಮ್ಮ ಕಾಗದಗಳೊಂದಿಗೆ ಒಮ್ಮೆ ಅವರ ಎದುರು ಕುಳಿತುಕೊಳ್ಳಿ.

ನೆಲ ಸಿಗಲೇ ಇಲ್ಲ, ಪಾರ್ಕೇ ಗತಿ ಎನ್ನುವ ಸ್ಥಿತಿ ಬಂದರೆ ಬಾಡಿಗೆ ಜಾಗದ ಮನೆಗೂ ಸಿಗುವ ಎಫ್‌ಎಚ್‌ಎಯ ಟೈಟಲ್ 1 ಸಾಲವನ್ನು ಕೇಳಿ. ಸುಮಾರು 70,000ಕ್ಕೇ ನಿಂತಿದ್ದ ಅದರ ಮಿತಿಯನ್ನು 2024ರಲ್ಲಿ ಎರಡು ಭಾಗದ ಮನೆಗೆ 1,93,719 ಡಾಲರ್‌ಗೆ ಏರಿಸಿದರು. ಜಾಗದ ಕರಾರು ಆರಂಭದಲ್ಲಿ ಕನಿಷ್ಠ ಮೂರು ವರ್ಷದ್ದಾಗಿರಬೇಕು, ಕರಾರು ಮುಗಿಸುವುದಾದರೆ 180 ದಿನ ಮೊದಲು ಲಿಖಿತ ಸೂಚನೆ ಕೊಡಬೇಕು ಎಂಬುದು ಅದರ ಷರತ್ತು. ಈ ಸಾಲ ಕೊಡುವವರು ಕಡಿಮೆ. ಅದು ಸಿಗದಿದ್ದರೂ ಈ ಎರಡು ಷರತ್ತುಗಳನ್ನು ಪಾರ್ಕಿನವರ ಬಳಿ ನೀವೇ ಕೇಳಿ ಬರೆಸಿಕೊಳ್ಳಿ.

ಕಾಯಬೇಕೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೌದು, ಆದರೆ ವರ್ಷವಿಡೀ ಅಲ್ಲ; ನಾಲ್ಕರಿಂದ ಆರು ತಿಂಗಳು. ಕಾರ್ಡಿನ ಬಾಕಿ ಇಳಿದು, ಆಸ್ಪತ್ರೆಯ ಬಿಲ್ಲುಗಳು ವರದಿಯಿಂದ ಹೋಗಿ, ಕಳೆದ 12 ತಿಂಗಳ ಒಂದು ಕಂತೂ ತಡವಾಗಿಲ್ಲ ಎಂದು ತೋರಿಸುವ ಹೊತ್ತಿಗೆ ಯಜಮಾನರ ಸ್ಕೋರ್ 620ರ ಆಚೆ ಹೋಗುವ ಸಾಧ್ಯತೆ ಚೆನ್ನಾಗಿದೆ. ಆ ತಿಂಗಳುಗಳಲ್ಲಿ ನೆಲ ಅಥವಾ ನೆಲವಿರುವ ಮನೆ ಹುಡುಕಿ. ಈಗಿನ ಮನೆಯ ಬಾಡಿಗೆಯನ್ನು ನಗದಾಗಿ ಕೊಡುತ್ತಿದ್ದರೆ ಇಂದಿನಿಂದಲೇ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ, ಏಕೆಂದರೆ ತಪ್ಪದೆ ಕಟ್ಟಿದ ಬಾಡಿಗೆಯ 12 ತಿಂಗಳ ದಾಖಲೆ ನಿಮ್ಮ ಪರವಾಗಿ ಮಾತಾಡುತ್ತದೆ. ಮನೆ ಕೊಂಡ ಮೇಲೆ ಟೆಕ್ಸಸ್ ವಸತಿ ಇಲಾಖೆಯ ಮ್ಯಾನುಫ್ಯಾಕ್ಚರ್ಡ್ ಹೌಸಿಂಗ್ ವಿಭಾಗ ಕೊಡುವ ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್ ಪತ್ರದಲ್ಲಿ ‘ಸ್ಥಿರಾಸ್ತಿ’ ಎಂಬ ಆಯ್ಕೆ ನಮೂದಾಗಿದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ, ಅದರ ಪ್ರಮಾಣಿತ ಪ್ರತಿಯನ್ನು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ದಾಖಲಿಸಿ, ರಸೀದಿಯನ್ನು ಕ್ರಯಪತ್ರದ ಜೊತೆ ಇಟ್ಟುಕೊಳ್ಳಿ.